ಪಂದ್ಯದ ಕಾರಿನ ಹಾರ್ನೆಸ್: ಬಿಗಿಯುವ ಸ್ಥಾನ ಹಾಗೂ ಕೋನ

ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುವ ದಸರೆಯ ಆನೆಗಳಲ್ಲಿ ಒಂದು, ಸುಮಾರು 750 ಕಿಲೋಗ್ರಾಂ ತೂಕದ ಅಂಬಾರಿಯನ್ನು ಹೊರುತ್ತದೆ. ಅದನ್ನು ಕಟ್ಟುವವರು ಹಗ್ಗದ ಗಟ್ಟಿತನವೊಂದನ್ನೇ ನೋಡುವವರಲ್ಲ. ಹಗ್ಗವು ಮೈಯ ಯಾವ ಭಾಗದ ಮೇಲೆ ಹಾಯಬೇಕು, ಯಾವ ದಿಕ್ಕಿಗೆ ಎಳೆಯಬೇಕು ಎಂಬುದನ್ನೂ ನೋಡುತ್ತಾರೆ. ಪಂದ್ಯದ ಕಾರಿನಲ್ಲಿ ಚಾಲಕನನ್ನು ಆಸನದಲ್ಲಿ ಬಿಗಿದು ಹಿಡಿಯುವ ಹಾರ್ನೆಸ್ ಎಂಬ ಪಟ್ಟಿಗಳ ವಿಚಾರದಲ್ಲಿಯೂ ಮುಖ್ಯವಾದುದು ಇದೇ.

ಮೈಸೂರಿನ ಲಲಿತಮಹಲ್ ಬಳಿಯ ಹೆಲಿಪ್ಯಾಡ್ ಮೈದಾನದಲ್ಲಿ 2010ರ ದಶಕದಲ್ಲಿ ದಸರೆಯ ಕಾಲಕ್ಕೆ ಮಣ್ಣಿನ ಹಾದಿಯ ಕಾರುಸ್ಪರ್ಧೆಗಳು ನಡೆದುದುಂಟು. ಅಂಥ ಸ್ಪರ್ಧೆಗೆಂದು ಹಳೆಯ ಕಾರೊಂದನ್ನು ಪಿರಿಯಾಪಟ್ಟಣದಲ್ಲಿಯೋ ಕೃಷ್ಣರಾಜನಗರದಲ್ಲಿಯೋ ಹೆಗ್ಗಡದೇವನಕೋಟೆಯಲ್ಲಿಯೋ ಊರ ಗ್ಯಾರೇಜಿನಲ್ಲಿ ಸಜ್ಜುಗೊಳಿಸಹೊರಟ ತರುಣನಿಗೆ ಪಟ್ಟಿಯೇನೋ ಹಣ ಕೊಟ್ಟರೆ ದೊರೆಯುತ್ತದೆ. ಅದನ್ನು ಸೇರಿಸುವ ತಿಳಿವಳಿಕೆ ಅದರೊಡನೆ ಬರುವುದಿಲ್ಲ.

ಮೊದಲು ಬಲದ ಪ್ರಮಾಣವನ್ನು ಲೆಕ್ಕ ಹಾಕೋಣ. ಗಂಟೆಗೆ 54 ಕಿಲೋಮೀಟರ್, ಎಂದರೆ ಸೆಕೆಂಡಿಗೆ 15 ಮೀಟರ್ ವೇಗದಲ್ಲಿರುವ ಚಾಲಕನ ದೇಹವು ಅರ್ಧ ಮೀಟರಿನೊಳಗೆ ನಿಲ್ಲಬೇಕಾಯಿತೆನ್ನಿ. ಆಗ ಸರಾಸರಿ ವೇಗಾಪಕರ್ಷವು ಗುರುತ್ವದ ಸುಮಾರು 23 ಪಟ್ಟು. 70 ಕಿಲೋಗ್ರಾಂ ತೂಕದವನನ್ನು ತಡೆಯಲು ಪಟ್ಟಿಗಳು ಹೊರಬೇಕಾದುದು ಸುಮಾರು 1,600 ಕಿಲೋಗ್ರಾಂ ಭಾರ. ಇಷ್ಟನ್ನು ತಗಡಿನ ನೆಲಕ್ಕೆ ಕೊರೆದ ಒಂದು ತೂತು ತಾಳಲಾರದು. ಬೋಲ್ಟು ತಗಡನ್ನು ಹರಿದು ಹೊರಬರುತ್ತದೆ. ಆದುದರಿಂದಲೇ, ಕಾರಿನ ಮೈಗೆ ಹೊಸ ಬಂಧನಸ್ಥಾನವನ್ನು ಮಾಡುವಾಗ ಕನಿಷ್ಠ 3 ಮಿಲಿಮೀಟರ್ ದಪ್ಪದ, 40 ಚದರ ಸೆಂಟಿಮೀಟರ್ ವಿಸ್ತಾರದ ಉಕ್ಕಿನ ಫಲಕವನ್ನು ಸೇರಿಸಬೇಕೆಂದು ಎಫ್‌ಐಎ ಎಂಬ ಅಂತರರಾಷ್ಟ್ರೀಯ ಮೋಟಾರು ಒಕ್ಕೂಟವು ವಿಧಿಸಿದೆ. ಆಸನಕ್ಕಾಗಲಿ ಅದರ ಆಧಾರಕ್ಕಾಗಲಿ ಪಟ್ಟಿಯನ್ನು ಕಟ್ಟುವುದನ್ನು ಅದು ನಿಷೇಧಿಸಿದೆ. ಆಸನವೇ ಕಿತ್ತುಬಂದರೆ ಪಟ್ಟಿಯ ಬಲವೆಲ್ಲ ವ್ಯರ್ಥ.

ಇದಕ್ಕಿಂತ ಸೂಕ್ಷ್ಮವಾದುದು ಭುಜಪಟ್ಟಿಗಳ ಕೋನ. ಆಸನದ ಹಿಂದೆಯೇ ನೆಲಕ್ಕೆ ಬಿಗಿಯುವುದು ಕೆಲಸಕ್ಕೆ ಸುಲಭ, ಪರಿಣಾಮಕ್ಕೆ ಭಯಂಕರ. ಪಟ್ಟಿಯು ಭುಜದಿಂದ ಹಿಂದಕ್ಕೆ 45 ಡಿಗ್ರಿ ಕೆಳಗಿಳಿದರೆ, ಅದರ ಎಳೆತದಲ್ಲಿ ನೂರಕ್ಕೆ 71 ಪಾಲು ಭುಜವನ್ನು ಕೆಳಕ್ಕೆ ಒತ್ತುತ್ತದೆ; ಆ ಒತ್ತಡವನ್ನು ಹೊರುವುದು ಬೆನ್ನುಮೂಳೆ. ಇಳಿಜಾರು 10 ಡಿಗ್ರಿಯಾದರೆ ಆ ಪಾಲು ಸುಮಾರು 17 ಮಾತ್ರ. ಒಕ್ಕೂಟವು 45 ಡಿಗ್ರಿಯನ್ನು ಮೀರಬಾರದ ಎಲ್ಲೆಯೆಂದೂ 10 ಡಿಗ್ರಿಯನ್ನು ಯೋಗ್ಯವೆಂದೂ ಹೇಳುವುದಕ್ಕೆ ಕಾರಣವಿದು. ಸಣ್ಣ ಕಾರಿನಲ್ಲಿ ಇದನ್ನು ಸಾಧಿಸಲು ರೋಲ್ ಕೇಜ್ ಎಂಬ ಉಕ್ಕಿನ ಪಂಜರದಲ್ಲಿ, ಆಸನದ ಹಿಂದೆ ಅಡ್ಡಕೊಳವೆಯೊಂದನ್ನು ಬೆಸುಗೆ ಹಾಕಿಸುವುದೇ ಸರಿಯಾದ ದಾರಿ.

ಸೊಂಟದ ಪಟ್ಟಿಯು ಮೃದುವಾದ ಹೊಟ್ಟೆಯ ಮೇಲಲ್ಲ, ಕಟಿಯೆಲುಬಿನ ಮೇಲೆ ಕೂರಬೇಕು. ಭುಜಪಟ್ಟಿಗಳನ್ನು ಬಿಗಿದಾಗ ಅದು ಮೇಲಕ್ಕೇಳುತ್ತದೆ. ಅದನ್ನು ತಡೆಯಲು ತೊಡೆಗಳ ನಡುವೆ ಹಾಯುವ ಪಟ್ಟಿಗಳಿವೆ. ಇವು ಕಿರಿಕಿರಿಯೆಂದು ಬಿಟ್ಟುಬಿಡುವವರುಂಟು. ಅಪಘಾತದಲ್ಲಿ ಅಂಥವರ ದೇಹವು ಪಟ್ಟಿಯ ಕೆಳಗೆ ಜಾರಿ, ಹೊಡೆತವು ಕರುಳಿಗೆ ತಗಲುತ್ತದೆ.

ಪಂದ್ಯಕ್ಕೆ ಯೋಗ್ಯವಾದ ಈ ಸಾಧನವು ಹುಣಸೂರು-ಮೈಸೂರು ರಸ್ತೆಯ ದಿನಬಳಕೆಗೆ ಯೋಗ್ಯವಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಪಂಜರವಿಲ್ಲದ ಕಾರು ಮಗುಚಿ ಚಾವಣಿ ಕುಸಿದಾಗ, ನೆಟ್ಟಗೆ ಬಿಗಿಸಿಕೊಂಡವನು ಪಕ್ಕಕ್ಕೆ ಬಾಗಲಾರ. 1959ರಲ್ಲಿ ವೋಲ್ವೋ ಸಂಸ್ಥೆಯ ನಿಲ್ಸ್ ಬೊಹ್ಲಿನ್ ರೂಪಿಸಿದ ಮೂರು ಬಿಂದುಗಳ ಪಟ್ಟಿ ಅಷ್ಟು ಎಡೆ ಕೊಡುತ್ತದೆ. ಆದುದರಿಂದ ರಸ್ತೆಗಿಳಿಯುವ ಕಾರಿನಿಂದ ಅದನ್ನು ಕಳಚಕೂಡದು. ಇನ್ನು ಒಮ್ಮೆ ದೊಡ್ಡ ಅಪಘಾತವನ್ನು ತಾಳಿದ ಹಾರ್ನೆಸ್ಸಿನ ನೂಲು ಹಿಗ್ಗಿರುತ್ತದೆ. ಕಣ್ಣಿಗೆ ಹೊಸದರಂತೆ ಕಂಡರೂ ಅದನ್ನು ಮತ್ತೆ ಬಳಸದೆ ಬದಲಾಯಿಸಬೇಕು.