ದೊರೆಯಾದರೂ ಕನ್ನಡ ಉಳಿಯಲಿಲ್ಲ

ಕೆಲಸಕ್ಕಾಗಿ ಕರ್ನಾಟಕದ ಗಡಿ ದಾಟಿದವರಲ್ಲಿ ನಾವು ಐಟಿಯವರೇ ಮೊದಲಿಗರಲ್ಲ. ಸಾವಿರ ವರ್ಷಗಳ ಹಿಂದೆಯೇ ಕನ್ನಡ ನಾಡಿನವರು ಬಂಗಾಳ, ಬಿಹಾರದವರೆಗೆ ಹೋಗಿದ್ದರು. ಬಂಗಾಳದ ಪಾಲ ಅರಸರ ತಾಮ್ರಶಾಸನಗಳಲ್ಲಿ ಗೌಡ, ಮಾಳವ, ಹೂಣರ ಸಾಲಿನಲ್ಲಿ 'ಕರ್ಣಾಟ'ರ ಹೆಸರೂ ಇದೆ. ಇವರು ಸಂಬಳದ ಸೈನಿಕರಿರಬೇಕು ಎನ್ನುತ್ತಾರೆ ಇತಿಹಾಸಕಾರರು. 11ನೇ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯರ ದಂಡಿನೊಂದಿಗೆ ಇನ್ನಷ್ಟು ಮಂದಿ ಉತ್ತರಕ್ಕೆ ಹೋಗಿ ಅಲ್ಲೇ ಉಳಿದಿರಬೇಕು.

ಪಾಲರ ಬಲ ಕುಗ್ಗಿದಾಗ ಹೀಗೆ ಬಂದವರೇ ದೊರೆಗಳಾದರು. ಬಂಗಾಳವನ್ನಾಳಿದ ಸೇನರು ತಮ್ಮ ಮೂಲ ಕರ್ಣಾಟವೆಂದು ಶಾಸನಗಳಲ್ಲೇ ಹೇಳಿಕೊಂಡರು. ಮಿಥಿಲೆಯಲ್ಲಿ 1097ರಲ್ಲಿ ನಾನ್ಯದೇವ ಕರ್ಣಾಟ ವಂಶ ಕಟ್ಟಿದ. ಅವನ ರಾಜಧಾನಿ ಸಿಮ್ರೌನ್‌ಗಢ ಈಗ ನೇಪಾಳದ ಬಾರಾ ಜಿಲ್ಲೆಯಲ್ಲಿದೆ. 1324ರ ಸುಮಾರಿಗೆ ಘಿಯಾಸುದ್ದೀನ್ ತುಘಲಕ್ ದಾಳಿ ಮಾಡುವವರೆಗೂ ಈ ವಂಶ ಆಳಿತು.

ಬ್ರಿಟನ್ನಿನಲ್ಲೂ ಇಂಥದ್ದೇ ನಡೆದಿತ್ತು. 410ರ ಸುಮಾರಿಗೆ ರೋಮನ್ ಆಳ್ವಿಕೆ ಮುಗಿದ ಮೇಲೆ, ಕಾವಲಿಗೆಂದು ಕರೆಸಿಕೊಂಡ ಸ್ಯಾಕ್ಸನ್ನರೇ ತಿರುಗಿಬಿದ್ದು ನೆಲೆಯೂರಿದರೆಂದು ಗಿಲ್ಡಾಸ್ ಎಂಬ ಪಾದ್ರಿ ಬರೆದಿದ್ದಾನೆ. ಆದರೆ ಸ್ಯಾಕ್ಸನ್ನರ ನುಡಿ ಇಂಗ್ಲಿಷಾಗಿ ಬೆಳೆಯಿತು. ಮಿಥಿಲೆಯ ಕರ್ಣಾಟರ ಆಸ್ಥಾನದಲ್ಲಿ ಬೆಳೆದದ್ದು ಮೈಥಿಲಿ. ಆ ಭಾಷೆಯ ಅತಿ ಹಳೆಯ ಗದ್ಯಕೃತಿ 'ವರ್ಣರತ್ನಾಕರ'ವನ್ನು ಬರೆದ ಜ್ಯೋತಿರೀಶ್ವರ ಠಾಕುರ ಈ ವಂಶದ ಕೊನೆಯ ಅರಸ ಹರಿಸಿಂಹದೇವನ ಆಶ್ರಯದಲ್ಲಿದ್ದವನು.

ಯಾಕೆ ಹೀಗಾಯಿತು? ಇಂಗ್ಲೆಂಡಿನ ಹಳೆಯ ಸಮಾಧಿಗಳ ಡಿಎನ್‌ಎ ಪರೀಕ್ಷಿಸಿದ 2022ರ ಅಧ್ಯಯನ ಒಂದು ಸುಳಿವು ಕೊಡುತ್ತದೆ. ಸಮುದ್ರ ದಾಟಿ ಬಂದವರಲ್ಲಿ ಗಂಡಸರಷ್ಟೇ ಅಲ್ಲ, ಹೆಂಗಸರೂ ದೊಡ್ಡ ಸಂಖ್ಯೆಯಲ್ಲಿದ್ದರು. ಮನೆಮಂದಿ ಬಂದಲ್ಲಿ ಮನೆಮಾತೂ ಬರುತ್ತದೆ. ದಂಡಿನ ಜೊತೆ ಹೋದ ನಮ್ಮವರು ಅಲ್ಲಿನವರಲ್ಲೇ ಸಂಬಂಧ ಬೆಳೆಸಿ ಬೆರೆತುಹೋಗಿರಬೇಕು ಎಂಬುದು ನನ್ನ ಅಂದಾಜು.

ನಾನ್ಯದೇವ ಸಂಗೀತದ ಬಗ್ಗೆ ಸಂಸ್ಕೃತದಲ್ಲಿ ಬರೆದ 'ಭರತಭಾಷ್ಯ'ದ ಹಸ್ತಪ್ರತಿ ನಮ್ಮ ಪುಣೆಯ ಭಂಡಾರಕರ ಸಂಸ್ಥೆಯಲ್ಲೇ ಇದೆ. ಹಡಪಸರದಲ್ಲಿ ಕೂತು ಕೋಡ್ ಬರೆಯುವ ನನಗೆ ಅದು ದೂರದ ಸಂಗತಿಯಲ್ಲ. ನನ್ನ ಆರು ವರ್ಷದ ಮಗಳು ಸೊಸೈಟಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಆಡುತ್ತಾಳೆ. ಎರಡೂ ಬೇಕು, ಇರುವ ಊರಿನ ಭಾಷೆ ಕಲಿಯದೆ ಬದುಕುವುದು ಸೌಜನ್ಯವಲ್ಲ. ಕನ್ನಡಕ್ಕೆ ಉಳಿದಿರುವುದು ಮನೆಯೊಂದೇ. ಹಾಗಾಗಿ ಊಟದ ಹೊತ್ತಿನಲ್ಲಿ ನಮ್ಮಲ್ಲಿ ಕನ್ನಡವೇ ಮಾತು. ಗದಗದಿಂದ ಅಜ್ಜಿ ಫೋನ್ ಮಾಡಿದರೆ ನಾವು ನಡುವೆ ಬಾಯಿ ಹಾಕುವುದಿಲ್ಲ. ತಡವರಿಸಿದರೂ ಸರಿ, ಅವಳೇ ಮಾತಾಡಬೇಕು.