ದಂತ ವೈದ್ಯಕೀಯ ಓದುವವರ ಹಲ್ಲು ಹುಳುಕಾಗುವುದಿಲ್ಲವೇ?

ಗುಂಡ್ಲುಪೇಟೆಯಲ್ಲೋ ಚಾಮರಾಜನಗರದಲ್ಲೋ ಒಂದು ಮನೆಯ ಮಗಳಿಗೆ ಬಿಡಿಎಸ್ ಸೀಟು ಸಿಕ್ಕಿತೆಂದರೆ ನೆಂಟರಿಷ್ಟರೆಲ್ಲ ಹೇಳುವುದು ಒಂದೇ ಮಾತು: ‘ಇನ್ನು ನಮ್ಮ ಹಲ್ಲಿನ ಚಿಂತೆ ಬಿಡು.’ ಅವಳ ಹಲ್ಲಿನ ಚಿಂತೆ ಯಾರಿಗೂ ಹೊಳೆಯುವುದಿಲ್ಲ. ಎರಡೂ ಊರಿಗೆ ಮೈಸೂರು ಸುಮಾರು 60 ಕಿಲೋಮೀಟರ್. ಅಲ್ಲಿನ ಜೆಎಸ್‌ಎಸ್ ಅಥವಾ ಫಾರೂಕಿಯಾ ದಂತ ಕಾಲೇಜು ಸೇರಿ, ಹಾಸ್ಟೆಲಿಗೆ ಹೊರಟವಳ ಬ್ಯಾಗಿನಲ್ಲಿ ಪುಸ್ತಕದ ಜೊತೆಗೆ ಚಕ್ಕುಲಿ, ಕೊಬ್ಬರಿ ಮಿಠಾಯಿ, ಬಿಸ್ಕತ್ತು ಇರುತ್ತವೆ.

ತಪ್ಪು ಕಲ್ಪನೆ: ಹಲ್ಲಿನ ವಿದ್ಯೆ ಕಲಿಯುವವರ ಹಲ್ಲು ಕೆಡುವುದಿಲ್ಲ.

ಬಿಡಿಎಸ್ ನಾಲ್ಕು ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್. ಮೊದಲ ವರ್ಷ ವಿದ್ಯಾರ್ಥಿನಿ ಮೇಣದ ತುಂಡೊಂದನ್ನು ಹಿಡಿದು ಚಾಕುವಿನಿಂದ ದವಡೆ ಹಲ್ಲು ಕೆತ್ತುತ್ತಾಳೆ. ಅದರ ಒಂದೊಂದು ಗೀರು, ಒಂದೊಂದು ಕುಳಿ ಅಳತೆಗೆ ಸರಿಯಾಗಿ ಬರಬೇಕು. ಅನ್ನ, ಬಿಸ್ಕತ್ತಿನ ಹಿಟ್ಟು ಸಿಕ್ಕಿಕೊಳ್ಳುವುದು ಆ ಗೀರುಗಳಲ್ಲೇ. ಆದರೆ ಸಮುದಾಯ ದಂತ ಆರೋಗ್ಯದ ಪಾಠ, ರೋಗಿಯ ಬಾಯಿ ನೋಡುವ ಕೆಲಸ ಶುರುವಾಗುವುದು ಮುಂದಿನ ವರ್ಷಗಳಲ್ಲಿ. ಜಪಾನಿನ ಹಿರೋಶಿಮಾ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ, ಹಲ್ಲಿನ ಆರೈಕೆಯ ಅಭ್ಯಾಸಗಳ ಬಗೆಗಿನ 20 ಪ್ರಶ್ನೆಗಳ ಪಟ್ಟಿಯೊಂದನ್ನು ಹಲವು ದೇಶಗಳ ದಂತ ವಿದ್ಯಾರ್ಥಿಗಳ ಮುಂದಿಟ್ಟಿದ್ದಾರೆ. ರೋಗಿಗಳನ್ನು ನೋಡತೊಡಗಿದ ಹಿರಿಯರ ಅಭ್ಯಾಸ ಹೊಸಬರಿಗಿಂತ ಚೆನ್ನಾಗಿರುತ್ತದೆ ಎಂಬುದು ಅಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಅಂದರೆ ಸೀಟು ಸಿಕ್ಕ ದಿನವೇ ಯಾರ ಅಭ್ಯಾಸವೂ ಬದಲಾಗುವುದಿಲ್ಲ.

ತಪ್ಪು ಕಲ್ಪನೆ: ತಿನ್ನುವುದು ಸ್ವಲ್ಪ, ಅಷ್ಟಕ್ಕೆ ಏನೂ ಆಗದು.

ನನ್ನ ಪ್ರಕಾರ ಎಲ್ಲಕ್ಕಿಂತ ಹೆಚ್ಚು ಹಲ್ಲು ಕೆಡಿಸಿರುವುದು ಈ ನಂಬಿಕೆಯೇ. ಹಲ್ಲಿನ ಮೇಲಿನ ಪಾಚಿಯಲ್ಲಿರುವ ಬ್ಯಾಕ್ಟೀರಿಯಾಗಳು ಸಕ್ಕರೆ ಸಿಕ್ಕ ಕೆಲವೇ ನಿಮಿಷಗಳಲ್ಲಿ ಆಮ್ಲ ತಯಾರಿಸುತ್ತವೆ. ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್‌ನಿಂದ ಖನಿಜ ಕರಗತೊಡಗುತ್ತದೆ. ಜೊಲ್ಲು ಅದನ್ನು ಮತ್ತೆ ಸರಿಪಡಿಸುತ್ತದೆ, ಆದರೆ ಅದಕ್ಕೆ ಅರ್ಧ ಗಂಟೆಯೋ ಇನ್ನೂ ಹೆಚ್ಚೋ ಬೇಕು. ನಾಲ್ಕು ಬಿಸ್ಕತ್ತನ್ನು ಒಂದೇ ಸಲ ಟೀ ಜೊತೆ ತಿಂದರೆ ಹಲ್ಲಿಗೆ ಒಂದು ಪೆಟ್ಟು. ಅದೇ ನಾಲ್ಕನ್ನು ಪರೀಕ್ಷೆಯ ಹಿಂದಿನ ರಾತ್ರಿ ಗಂಟೆಗೊಂದರಂತೆ ತಿಂದರೆ ನಾಲ್ಕು ಪೆಟ್ಟು. ಜೊಲ್ಲಿಗೆ ಸಾಕಷ್ಟು ಬಿಡುವು ಸಿಗದು. ಗುಟುಕು ಗುಟುಕಾಗಿ ಹೀರುವ ಸಿಹಿ ಕಾಫಿಗೂ ಇದೇ ಲೆಕ್ಕ.

ಸ್ವೀಡನ್ನಿನ ವಿಪೆಹೋಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ಇದನ್ನು ಪರೀಕ್ಷಿಸಿದರು. ಊಟದ ಜೊತೆ ಕೊಟ್ಟ ಸಕ್ಕರೆಯಿಂದ ಹುಳುಕು ಅಷ್ಟಾಗಿ ಹೆಚ್ಚಲಿಲ್ಲ. ಊಟಗಳ ನಡುವೆ ಕೊಟ್ಟ ಅಂಟು ಮಿಠಾಯಿಯಿಂದ ವಿಪರೀತ ಹೆಚ್ಚಿತು. ಆದರೆ ಆ ಮಿಠಾಯಿ ತಿಂದವರು ಬೌದ್ಧಿಕ ಅಂಗವೈಕಲ್ಯವಿದ್ದ, ಒಪ್ಪಿಗೆ ಕೊಡುವ ಸ್ಥಿತಿಯಲ್ಲೇ ಇರದಿದ್ದ ರೋಗಿಗಳು. ಈ ಪಾಠ ಹೇಳುವಾಗಲೆಲ್ಲ ಅವರಿಗಾದ ಅನ್ಯಾಯವನ್ನೂ ಹೇಳಬೇಕು.

ತಪ್ಪು ಕಲ್ಪನೆ: ಬೆಲ್ಲ ಒಳ್ಳೆಯದು, ಖಾರದ ತಿಂಡಿಗೆ ದೋಷವಿಲ್ಲ.

ಕಬ್ಬು ಬೆಳೆಯುವ ಸೀಮೆಯಲ್ಲಿ ಬೆಲ್ಲದ ಮೇಲಿನ ಪ್ರೀತಿ ಸಹಜ. ಆದರೆ ಬೆಲ್ಲದ ಬಹುಪಾಲು ಸುಕ್ರೋಸ್ ಎಂಬ ಸಕ್ಕರೆಯೇ; ಬ್ಯಾಕ್ಟೀರಿಯಾಗಳಿಗೆ ಬಿಳಿ ಸಕ್ಕರೆಗೂ ಆಲೆಮನೆಯ ಅಚ್ಚಿಗೂ ವ್ಯತ್ಯಾಸ ತಿಳಿಯದು. ಚಿಪ್ಸ್, ಖಾರದ ಬಿಸ್ಕತ್ತು, ಚುರುಮುರಿಯ ಪಿಷ್ಟ ಹಲ್ಲಿನ ಸಂದಿಗೆ ಮೆತ್ತಿಕೊಂಡು, ಬಾಯಲ್ಲೇ ಸಕ್ಕರೆಯಾಗಿ ಒಡೆಯುತ್ತದೆ. ನಡುವೆ ಹಸಿವಾದರೆ ಹುರಿದ ಕಡಲೆಕಾಯಿ, ಸೌತೆಕಾಯಿ ಒಳ್ಳೆಯದು. ಎರಡೂ ನಮ್ಮ ಸಂತೆಯಲ್ಲೇ ಸಿಗುತ್ತವೆ.

ಇನ್ನು ಬ್ರಷ್ಷಿನ ಸುತ್ತಲಿನ ನಂಬಿಕೆಗಳು. ಗಟ್ಟಿಯಾಗಿ ಉಜ್ಜಿದರೆ ಹಲ್ಲು ಬೆಳ್ಳಗಾಗುವುದಿಲ್ಲ. ಒಸಡು ಹಿಂದೆ ಸರಿದು ಬೇರು ಬಯಲಾಗುತ್ತದೆ. ನಿಂಬೆ ಪಾನಕ ಕುಡಿದ ಕೂಡಲೇ ಉಜ್ಜಬಾರದು, ಮೆತ್ತಗಾದ ಎನಾಮೆಲ್ ಸವೆಯುತ್ತದೆ. ಪೇಸ್ಟಿನ ನೊರೆ ಉಗುಳಿದ ಮೇಲೆ ಮತ್ತೆ ಮತ್ತೆ ನೀರು ಮುಕ್ಕಳಿಸಿದರೆ ಫ್ಲೋರೈಡ್ ತೊಳೆದು ಹೋಗುತ್ತದೆ, ಉಗುಳಿ ಸುಮ್ಮನಿರುವುದೇ ಮೇಲು. ಬೇವಿನ ಕಡ್ಡಿಯೂ ಪಾಚಿ ತೆಗೆಯುತ್ತದೆ, ಆದರೆ ಅದರಿಂದ ಪೇಸ್ಟಿನ ಫ್ಲೋರೈಡ್ ಸಿಗದು.

ಒಸಡಿನಲ್ಲಿ ರಕ್ತ ಬಂತೆಂದು ಉಜ್ಜುವುದನ್ನೇ ಬಿಡುವವರಿದ್ದಾರೆ. ರಕ್ತ ಬರುವುದು ಸಾಮಾನ್ಯವಾಗಿ ಅಲ್ಲಿ ಪಾಚಿ ನಿಂತಿರುವುದರಿಂದ. ಹಲ್ಲು ಕ್ಲೀನ್ ಮಾಡಿಸಿದರೆ ಅಲುಗಾಡುತ್ತವೆ ಎಂಬ ಭಯ ನಮ್ಮ ಜಿಲ್ಲೆಯ ಹಿರಿಯರಲ್ಲಿ ಬಹಳ. ಗಾರೆ, ಅಂದರೆ ಗಟ್ಟಿಯಾದ ಪಾಚಿ, ತುಂಬಿದ್ದ ಜಾಗ ಖಾಲಿಯಾದಾಗ ಸಂದು ಕಾಣುತ್ತದೆ. ಹಲ್ಲನ್ನು ಸಡಿಲ ಮಾಡಿದ್ದು ಅಷ್ಟು ದಿನ ಕೂತಿದ್ದ ಗಾರೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತದೆ ಎಂಬುದಂತೂ ಪೂರಾ ಸುಳ್ಳು.

ಮಗಳಿಗೆ ತಿಂಡಿ ಕಟ್ಟಿ ಕಳಿಸುವ ತಾಯಂದಿರೇ, ಕಳಿಸುವುದನ್ನು ಬಿಡಬೇಡಿ. ಊಟದ ಜೊತೆಗೇ ತಿಂದು ಮುಗಿಸಲು ಹೇಳಿ. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುತ್ತದೆ, ಆದ್ದರಿಂದ ರಾತ್ರಿ ಬ್ರಷ್ ಮಾಡಿದ ಮೇಲೆ ನೀರು ಬಿಟ್ಟು ಬೇರೇನೂ ಬಾಯಿಗೆ ಹೋಗದಿರಲಿ.