ಬಾಕಿ ಉಳಿದ ಆಟ, ನಡುವಯಸ್ಸಿನ ಕಣ್ಣು

ಪುಣೆಯ ವಾಯವ್ಯ ಅಂಚಿನಲ್ಲಿ, ಮುಂಬಯಿ–ಬೆಂಗಳೂರು ಹೆದ್ದಾರಿಯ ಮಗ್ಗುಲಲ್ಲಿ ಬೆಳೆದಿರುವ ವಾಕಡದಲ್ಲಿ, ಹಿಂಜವಡಿಯ ಕಚೇರಿಗಳಿಗೆ ಹೋಗಿಬರುವ ಕನ್ನಡ ಕುಟುಂಬಗಳುಂಟು. ಅಂಥದೊಂದು ಕುಟುಂಬದ ಯಜಮಾನರನ್ನು ವಾಚಕರು ಕಲ್ಪಿಸಿಕೊಳ್ಳಬೇಕು. ವಯಸ್ಸು ನಲವತ್ತೇಳು, ಊರು ಧಾರವಾಡ, ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ, ಗೃಹಸಾಲದ ಕಂತುಗಳು ಇನ್ನೂ ಆರು ವರ್ಷ. ಇಂಥವರು ಶನಿವಾರ ರಾತ್ರಿ ಊಟವಾದ ಮೇಲೆ ವಿಡಿಯೋ ಆಟಕ್ಕೆ ಕೂಡುತ್ತಾರೆಂದರೆ ನೆರೆಯವರು ನಕ್ಕಾರು. ಆದರೆ ಅದು ಹಳೆಯ ಬಾಕಿಯೊಂದರ ತೀರುವಳಿ.

ಜಪಾನಿನ ಸ್ಕ್ವೇರ್ ಸಂಸ್ಥೆಯ ‘ಫೈನಲ್ ಫ್ಯಾಂಟಸಿ 7’ ಎಂಬ ಆಟ 1997ರ ಜನವರಿ 31ರಂದು ಪ್ಲೇಸ್ಟೇಷನ್ ಯಂತ್ರಕ್ಕಾಗಿ ಹೊರಬಂದಿತು. ಕಥೆಯ ಪಾತ್ರಗಳನ್ನು ತಾನೇ ವಹಿಸಿಕೊಂಡು, ಅವುಗಳ ಬಲ, ಆಯುಧ, ಕೌಶಲಗಳನ್ನು ಮೆಲ್ಲಮೆಲ್ಲನೆ ಬೆಳೆಸುತ್ತ ಸಾಗುವ ದೀರ್ಘ ಆಟವದು. ಕಥೆ ಮೂರು ಸಿ.ಡಿ.ಗಳಲ್ಲಿ ಹರಡಿತ್ತು. ಮರುವರ್ಷ ಅದು ಕಂಪ್ಯೂಟರಿಗೂ ಬಂದಿತು. ಯಜಮಾನರು ವಿದ್ಯಾರ್ಥಿಯಾಗಿದ್ದಾಗ ಗೆಳೆಯನಿಂದ ಎರವಲು ತಂದದ್ದು ಅದನ್ನೇ. ಕಥೆಯ ಮೊದಲ ಸಿ.ಡಿ. ಮುಗಿಯಿತು, ಎರಡನೆಯದು ಗೀರುಬಿದ್ದು ಓಡಲೇ ಇಲ್ಲ. ಮುಂದೆ ನೌಕರಿ, ಮದುವೆ, ತಂದೆಯ ಕಾಯಿಲೆ.

ಕಥೆಯಾದರೂ ಮಕ್ಕಳಾಟದ್ದಲ್ಲ. ಮಿಡ್ಗಾರ್ ಎಂಬ ಮಹಾನಗರ. ಎತ್ತರದ ತಟ್ಟೆಯಂಥ ನೆಲೆಯ ಮೇಲೆ ಸಿರಿವಂತರು, ಅದರ ನೆರಳಿನಲ್ಲಿ ಬಡವರು. ಶಿನ್ರಾ ಎಂಬ ಕಂಪನಿ ಭೂಮಿಯ ಜೀವಸತ್ವವನ್ನೇ ಹೀರಿ ವಿದ್ಯುತ್ತಾಗಿಸುತ್ತದೆ. ಅದನ್ನು ತಡೆಯಹೊರಟ ಗುಂಪಿಗೆ ಕ್ಲೌಡ್ ಎಂಬ ಮಾಜಿ ಸೈನಿಕ ಕೂಲಿಗಾಗಿ ಸೇರುತ್ತಾನೆ. ಬೇಸಗೆಯಲ್ಲಿ ಟ್ಯಾಂಕರ್ ನೀರಿಗೆ ಕಾಯುವ ವಾಕಡದ ನಿವಾಸಿಗಳಿಗೆ, ನೆಲವನ್ನು ಹೀರುವ ನಗರವೆಂದರೆ ಏನೆಂದು ವಿವರಿಸಬೇಕಾಗಿಲ್ಲ.

ಈ ಆಟದ ಆಧುನಿಕ ರೀಮೇಕ್ ಹೊರಬಂದುದು 2020ರ ಏಪ್ರಿಲ್ 10ರಂದು, ಇಡೀ ದೇಶ ಮನೆಯೊಳಗೆ ಬೀಗ ಹಾಕಿಕೊಂಡಿದ್ದಾಗ. 2021ರ ಡಿಸೆಂಬರಿನಲ್ಲಿ ಅದು ಕಂಪ್ಯೂಟರಿಗೂ ದೊರೆಯಿತು. ಯಜಮಾನರು ಕೊಂಡರೇನೋ ಸರಿ; ಆಡತೊಡಗಿದ್ದು ಮಗನ ಹತ್ತನೆಯ ತರಗತಿಯ ಪರೀಕ್ಷೆ ಮುಗಿದ ಮೇಲೆಯೇ.

ಮೊದಲ ತೊಡಕು ಕನ್ನಡಕದ್ದು. ನಲವತ್ತು ದಾಟಿದ ಕಣ್ಣಿನ ಮಸೂರ ಬಿರುಸಾಗುತ್ತ, ಹತ್ತಿರದ ಅಕ್ಷರ ಮಸುಕಾಗುತ್ತದೆ. ಎರಡು ಶಕ್ತಿಯ ಕನ್ನಡಕ ಧರಿಸಿದವರು ಮೇಜಿನ ಪರದೆಯನ್ನು ಕೆಳಗಾಜಿನಿಂದ ನೋಡಲು ಗದ್ದವನ್ನೆತ್ತಿ ಕುಳಿತು, ಮರುದಿನ ಕುತ್ತಿಗೆ ಹಿಡಿದುಕೊಂಡು ಏಳುತ್ತಾರೆ. ಪರದೆ ಕಣ್ಣಿನ ಮಟ್ಟಕ್ಕಿಂತ ತುಸು ಕೆಳಗಿರಬೇಕು. ದಿಟ್ಟಿಸುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುವುದರಿಂದ, ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡುವುದು ಒಳ್ಳೆಯ ರೂಢಿ. ಯಜಮಾನರಿಗೆ ಬಾಲ್ಕನಿಯಾಚೆಯ ದೀಪಗಳುಂಟು.

ಎರಡನೆಯದು ಕೈಯ ವೇಗ. ರೀಮೇಕಿನಲ್ಲಿ ಕಾಳಗ ಎಡೆಬಿಡದೆ ನಡೆಯುತ್ತದೆ. ಮಗನ ಬೆರಳುಗಳು ಮಿಂಚಿನಂತೆ ಓಡುತ್ತವೆ, ತಂದೆಯವು ಓಡುವುದಿಲ್ಲ. ‘ಕ್ಲಾಸಿಕ್’ ಎಂಬ ಕ್ರಮವನ್ನು ಆರಿಸಿಕೊಂಡರೆ ಪಾತ್ರಗಳು ತಾವೇ ಹೊಡೆದಾಡುತ್ತವೆ. ಆಜ್ಞೆ ಕೊಡುವುದಷ್ಟೇ ಆಡುವವರ ಕೆಲಸ. ಅದನ್ನು ಆರಿಸಿಕೊಳ್ಳುವುದರಲ್ಲಿ ನಾಚಿಕೆಯೇನೂ ಇಲ್ಲ.

ಮುಖ್ಯವಾದುದು ನಿದ್ರೆ. ಹಳೆಯ ಆಟದಲ್ಲಿ, ಊರು ಗವಿಗಳೊಳಗೆ, ಗೊತ್ತಾದ ತಾಣ ಸಿಗುವವರೆಗೆ ಆಟವನ್ನು ಉಳಿಸಿಡುವಂತಿರಲಿಲ್ಲ. “ಇನ್ನು ಹತ್ತೇ ನಿಮಿಷ” ಎನ್ನುತ್ತ ವಸತಿನಿಲಯದಲ್ಲಿ ಬೆಳಗು ಹರಿದದ್ದುಂಟು. ರೀಮೇಕಿನಲ್ಲಿ ಕಾಳಗವಿಲ್ಲದ ವೇಳೆ ಬಹುತೇಕ ಎಲ್ಲಿಯಾದರೂ ಉಳಿಸಿ ಏಳಬಹುದು. ನೆಪ ಹೋಯಿತು, ಚಪಲ ಉಳಿಯಿತು. ವಯಸ್ಕರಿಗೆ ಕನಿಷ್ಠ ಏಳು ಗಂಟೆಗಳ ನಿದ್ರೆ ಬೇಕು. ರಾತ್ರಿಯ ಪ್ರಖರ ಬೆಳಕು ನಿದ್ರೆ ಬರುವ ಹೊತ್ತನ್ನು ಮುಂದೂಡುತ್ತದೆ. ನಿದ್ರೆಗೆಟ್ಟ ದೇಹದಲ್ಲಿ ರಕ್ತದೊತ್ತಡ ಏರುತ್ತದೆ.

ಹಾಗೆಂದು ಆಡುವವರೆಲ್ಲ ರೋಗಿಗಳಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದ್ದು, ಆಟದ ವ್ಯಸನವನ್ನು ಅದರಲ್ಲಿ ಹೆಸರಿಸಲಾಗಿದೆ. ಆಟದ ಮೇಲೆ ಹಿಡಿತ ತಪ್ಪುವುದು, ಉಳಿದೆಲ್ಲಕ್ಕಿಂತ ಅದೇ ಮುಖ್ಯವಾಗುವುದು, ಹಾನಿ ಕಂಡರೂ ಬಿಡಲಾಗದಿರುವುದು — ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳು ಮುಂದುವರಿದರೆ ಅದು ರೋಗ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕಾಗಿ 2014ರಲ್ಲೇ ಪ್ರತ್ಯೇಕ ಚಿಕಿತ್ಸಾಲಯ ಆರಂಭವಾಯಿತು.

ಇಷ್ಟಾಗಿಯೂ ಲೆಕ್ಕ ಚುಕ್ತಾ ಆಗಿಲ್ಲ. ಮೂಲದಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿಯುವ ಮಿಡ್ಗಾರಿನ ಭಾಗವನ್ನೇ ಮೂವತ್ತು ಗಂಟೆ ಮೀರಿ ಹಿಗ್ಗಿಸಿ ರೀಮೇಕ್ ನಿಲ್ಲುತ್ತದೆ. ಕಥೆಗೆ ಮೂರು ಕಂತುಗಳೆಂದು ಗೊತ್ತಾಗಿದೆ. 2024ರ ಫೆಬ್ರವರಿಯಲ್ಲಿ ಬಂದ ಎರಡನೆಯ ಕಂತು ‘ರೀಬರ್ತ್’ ಕೂಡ ಹಳೆಯ ಮೊದಲ ಸಿ.ಡಿ.ಯ ಅಂತ್ಯದ ಸುಮಾರಿಗೇ ಬಂದು ನಿಲ್ಲುತ್ತದೆ. ಎಂದರೆ, ಯಜಮಾನರು ಧಾರವಾಡದಲ್ಲಿ ಕಂಡದ್ದನ್ನೇ ಮತ್ತೆ ಕಾಣುತ್ತಿದ್ದಾರೆ, ಗೀರುಬಿದ್ದ ಸಿ.ಡಿ.ಯಲ್ಲಿದ್ದುದು ಮೂರನೆಯ ಕಂತಿನದು.

“ಮುಗೀತೇನ್ರೀ ಆಟ?” ಎಂದು ಒಳಗಿನಿಂದ ಮಡದಿ ಕೇಳುತ್ತಾರೆ. ಗಂಟೆ ಹತ್ತೂವರೆ. ಅವರು ಆಟವನ್ನು ಉಳಿಸಿ ಪರದೆ ಆರಿಸುತ್ತಾರೆ. ಮುಂದಿನ ಶನಿವಾರದ ದೊಡ್ಡ ಕಾಳಗ ತನಗೇ ಬೇಕೆಂದು ಮಗ ಈಗಾಗಲೇ ಹೇಳಿಟ್ಟಿದ್ದಾನೆ.